ಮೂರು ಸಲ ಒರೆಸಿದ ಡಿಸ್ಕು

ಮನುಷ್ಯರ ಬಗ್ಗೆ ಬ್ರಷ್ಷಪ್ಪನಿಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅದಕ್ಕೆ ಯಾವ ದೊಡ್ಡ ತತ್ವವೂ ಕಾರಣವಲ್ಲ. ಇಪ್ಪತ್ತು ವರ್ಷದಿಂದ ಅವನು ನೆಂಟರಿಷ್ಟರ, ನೆರೆಹೊರೆಯವರ ಕೀಬೋರ್ಡುಗಳನ್ನು ತಲೆಕೆಳಗು ಮಾಡಿ ಬಡಿಯುತ್ತ ಬಂದಿದ್ದ, ಅಷ್ಟೇ. ಬಡಿದಾಗ ಉದುರುವುದನ್ನು ಒಮ್ಮೆ ಕಂಡವನಿಗೆ ಮನುಷ್ಯಕುಲದ ಮೇಲೆ ಗೌರವ ಉಳಿಯುವುದು ಕಷ್ಟ. ಬಿಸ್ಕತ್ತಿನ ಪುಡಿ, ತಲೆಹೊಟ್ಟು, ರೆಪ್ಪೆಗೂದಲು, ಸೊಳ್ಳೆಯ ಕಾಲು, ಯಾವ ಕಾಲದಲ್ಲೋ ಚೆಲ್ಲಿ ಗಟ್ಟಿಯಾದ ಚಹಾ. ಇದು ಮರ್ಯಾದಸ್ಥರ ಮನೆಯ ಮಾತು. ಉಳಿದವರದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. "ಇದೇ ಬೆರಳಲ್ಲಿ ಊಟ ಮಾಡ್ತಾರಲ್ಲ ಇವರು" ಎಂದು ಅವನು ಮೂಗು ಮುರಿದರೆ ಎದುರಿಗೆ ನಿಂತವರು ತಮ್ಮ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸುತ್ತಿದ್ದರು.

ಬ್ರಷ್ಷಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಬೇರೆಯವರು ಅಂಗಿ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರೆ ಇವನು ಒಂದಿಂಚಿನ ಬಣ್ಣದ ಬ್ರಷ್ಷು ಸಿಕ್ಕಿಸಿಕೊಂಡು ಬರುತ್ತಿದ್ದ. ಬಂದವನು ಮೊದಲು ಮೇಜು ಗುಡಿಸಬೇಕು, ಆಮೇಲೆ ಮೌಸಿನ ಹೊಟ್ಟೆ ಒರೆಸಬೇಕು, ಆಮೇಲೆ ಪರದೆ, ಕೊನೆಗೆ ಕುರ್ಚಿ. ಅಷ್ಟು ಹೊತ್ತಿಗೆ ಉಳಿದವರ ಮೊದಲ ಚಹಾ ಮುಗಿದಿರುತ್ತಿತ್ತು. ಕೆಲಸ ಏನೆಂದು ಕೇಳಿದರೆ ನೀವು ನಗುತ್ತೀರಿ. ಊರಿನ ಒಳಚರಂಡಿಗಳ ನಕ್ಷೆ ಬರೆಯುವುದು. ಕುಡಿಯುವ ನೀರಿನ ಕೊಳವೆಗೆ ನೀಲಿ ಗೆರೆ, ಹೊಲಸಿನ ಕೊಳವೆಗೆ ಹಸಿರು ಗೆರೆ, ಮ್ಯಾನ್‌ಹೋಲಿಗೆ ಒಂದು ಪುಟ್ಟ ವೃತ್ತ. ಊರಿನವರೆಲ್ಲ ಬೆಳಗ್ಗೆ ಎದ್ದು ಮನೆಯಿಂದ ಆಚೆ ಕಳಿಸಿದ್ದು ಇವನ ಪರದೆಯ ಮೇಲೆ ಅಚ್ಚುಕಟ್ಟಾದ ಹಸಿರು ಗೆರೆಯಾಗಿ ಹರಿಯುತ್ತಿತ್ತು. ಗೆರೆಗೆ ವಾಸನೆ ಇರಲಿಲ್ಲ, ಹಾಗಾಗಿ ಕೆಲಸ ಒಗ್ಗಿತ್ತು. ಒಮ್ಮೆ ಮೇಲಧಿಕಾರಿ, ಸ್ಥಳಕ್ಕೇ ಹೋಗಿ ಒಂದು ಮ್ಯಾನ್‌ಹೋಲು ಅಳೆದು ಬಾ ಎಂದು ಕಳಿಸಿದ್ದ. ಮುಚ್ಚಳ ಎತ್ತುವ ಮೊದಲೇ ವಾಂತಿ ಮಾಡಿಕೊಂಡು ವಾಪಸು ಬಂದ. ಆಮೇಲೆ ಯಾರೂ ಅವನನ್ನು ಕಳಿಸಲಿಲ್ಲ.

ಅವನ ಪ್ರೀತಿಯೆಲ್ಲ ಮನೆಯ ಹಿಂದಿನ ಕೋಣೆಯಲ್ಲಿತ್ತು. ಅಲ್ಲಿ ಒಂದು ಚೌಕ ಪರದೆಯ ಮಾನಿಟರು. ಈಗಿನ ಪರದೆಗಳು ಅಗಲಗಲ ಬಾಯಿಬಿಟ್ಟುಕೊಂಡು ಕೂತಿರುತ್ತವೆ ಎಂದು ಅವನಿಗೆ ಅವುಗಳ ಮೇಲೆ ಸಿಟ್ಟು. ಒಂದು ಕೀಬೋರ್ಡು, ಎರಡು ಕೆಜಿಗೆ ಚೂರು ಹೆಚ್ಚೇ ಭಾರ, ಪ್ರತಿ ಕೀಲಿಯ ಕೆಳಗೂ ನಿಜವಾದ ಸ್ಪ್ರಿಂಗು. ಒತ್ತಿದರೆ ಟಕ್ ಎನ್ನಬೇಕು, ಎನ್ನುತ್ತಿತ್ತು. ತಿಂಗಳ ಮೊದಲ ಭಾನುವಾರ ಅದರ ನೂರಾ ನಾಲ್ಕು ಕೀಲಿಗಳನ್ನೂ ಕಿತ್ತು, ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಸಾಲಾಗಿ ಒಣಗಿಸುತ್ತಿದ್ದ. "ಮದುವೆಯಾದ ಮೇಲೆ ನನ್ನ ಕೈ ಹಿಡ್ಕೊಂಡಿದ್ದಕ್ಕಿಂತ ಹೆಚ್ಚು ಸಲ ಇದನ್ನ ಹಿಡ್ಕೊಂಡಿದೀರಿ" ಎಂದು ಹೆಂಡತಿ ಕಾಲೆಳೆಯುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ಗಾಯ, ಕೀವು, ಬೆಡ್‌ಪ್ಯಾನು ನೋಡಿ ಬಂದು, ಕೈ ತೊಳೆದು, ಹಾಯಾಗಿ ಊಟಕ್ಕೆ ಕೂರುವವಳು. ಅದು ಹೇಗೆ ಸಾಧ್ಯ ಎನ್ನುವುದು ಹದಿನೆಂಟು ವರ್ಷದ ದಾಂಪತ್ಯದಲ್ಲೂ ಅವನಿಗೆ ಬಗೆಹರಿದಿರಲಿಲ್ಲ.

ಸಾಫ್ಟ್‌ವೇರಿನ ವಿಷಯಕ್ಕೆ ಬಂದರೆ ಅವನ ಅಸಹ್ಯ ಇನ್ನೂ ಒಂದು ಕೈ ಮೇಲು. ಈಗಿನವು ಒಂದು ಸಾಲು ಬರೆಯುವುದಕ್ಕೂ ನಿಮ್ಮ ಏಳು ತಲೆಮಾರು ವಿಚಾರಿಸುತ್ತವೆ, ಬರೆದು ಮುಗಿಸುವಷ್ಟರಲ್ಲಿ ನಾನು ಹೊಸದಾಗಿದ್ದೇನೆ ನೋಡು ಎಂದು ಹಲ್ಲು ಕಿರಿಯುತ್ತವೆ. ಕಂಪ್ಯೂಟರು ಚೊಕ್ಕ ಮಾಡುತ್ತೇನೆ ಎಂದು ಬಂದು ತಾವೇ ಕಸವಾಗಿ ಕೂರುವ ಸಾಫ್ಟ್‌ವೇರುಗಳನ್ನು ಕಂಡರಂತೂ ಅವನಿಗೆ ಕೈ ತೊಳೆದುಕೊಳ್ಳಬೇಕು ಎನಿಸುತ್ತಿತ್ತು. ಅವನು ಬರೆಯುವುದು ಒಂದು ಹಳೆಯ ಎಡಿಟರಿನಲ್ಲಿ: ಕಪ್ಪು ಪರದೆ, ಹಳದಿ ಅಕ್ಷರ, ಮುಗಿಯಿತು. ಮಾಡಿದವರು ಅದನ್ನು ಹದಿನೈದು ವರ್ಷದ ಹಿಂದೆಯೇ ಕೈಬಿಟ್ಟಿದ್ದರು. ಇನ್ನು ಯಾರೂ ಬಂದು ಅದನ್ನು ಕೆಡಿಸುವುದಿಲ್ಲ ಎನ್ನುವುದೇ ಅವನಿಗೆ ದೊಡ್ಡ ನೆಮ್ಮದಿ.

ಇಷ್ಟು ಅಸಹ್ಯಪಡುವವನು ಬೇರೆಯವರ ಯಂತ್ರ ಯಾಕೆ ಮುಟ್ಟಬೇಕು ಎಂದು ನೀವು ಕೇಳಬಹುದು. ಅದು ಅವನ ಚಟ. ಹಲ್ಲುನೋವಿನ ಹಲ್ಲನ್ನೇ ನಾಲಿಗೆ ಹುಡುಕಿಕೊಂಡು ಹೋಗುತ್ತದಲ್ಲ, ಹಾಗೆ. ಯಾರಾದರೂ "ಸ್ಲೋ ಆಗಿದೆ ಮಾರಾಯ" ಎಂದು ಬಾಯಿಬಿಟ್ಟರೆ ಸಾಕು, ತಂದಿಡಿ ಎನ್ನುತ್ತಿದ್ದ. ತೆಳು ಕೈಗವಸು, ಮೂಗಿಗೆ ಮಾಸ್ಕು, ಬಾಲ್ಕನಿಯಲ್ಲಿ ಹಳೆಯ ಬೆಡ್‌ಶೀಟು. ಯಂತ್ರ ಆನ್ ಆದ ಕೂಡಲೇ ಮಾಡುವ ಮೊದಲ ಕೆಲಸ ಪರದೆಯ ಮೂಲೆಯಲ್ಲಿರುವ ಕಸದ ಬುಟ್ಟಿ ಖಾಲಿ ಮಾಡುವುದು. ಅದನ್ನು ಯೋಚಿಸಿ ಮಾಡುತ್ತಿರಲಿಲ್ಲ. ಮನೆಯೊಳಗೆ ಬಂದವರು ಚಪ್ಪಲಿ ಬಿಡುತ್ತಾರಲ್ಲ, ಅಷ್ಟು ಸಹಜ. ಆಮೇಲೆ ಇಡಬೇಕಾದ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿ, ಡಿಸ್ಕು ಪೂರ್ತಿ ಒರೆಸುವುದು. ಒರೆಸುವುದು ಎಂದರೆ ಸುಮ್ಮನೆ ಅಳಿಸುವುದಲ್ಲ. ಡಿಸ್ಕಿನ ಈ ತುದಿಯಿಂದ ಆ ತುದಿಯವರೆಗೆ ಬರೀ ಸೊನ್ನೆ ಬರೆದುಕೊಂಡು ಹೋಗುವ ಒಂದು ಪುಟ್ಟ ಸಾಫ್ಟ್‌ವೇರಿದೆ, ಅವನ ಮೆಚ್ಚಿನದು. ಒಂದು ಸಲ ಬರೆದರೆ ಸಾಕು, ಹಳೆಯದು ಯಾವ ಭೂಪನಿಗೂ ಸಿಗುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಎಂಜಲು ತಟ್ಟೆಯನ್ನು ಒಂದೇ ಸಲ ನೀರಿಗೆ ಹಿಡಿದು ಎತ್ತಿಡುತ್ತೀರಾ ಎಂದು ಇವನು ಕೇಳುತ್ತಿದ್ದ. ಇವನದು ಮೂರು ಸಲ.

ಆ ಶುಕ್ರವಾರ ಸಂಜೆ ಆಟೋದಲ್ಲಿ ಕಂಪ್ಯೂಟರು ಹೇರಿಕೊಂಡು ಬಂದವರು ಭಾವ, ಅಕ್ಕನ ಗಂಡ. ಅಕ್ಕ ಇವನಿಗಿಂತ ಆರು ವರ್ಷ ದೊಡ್ಡವಳು, ಶಾಲೆಯಲ್ಲಿ ಟೀಚರು. ಅವತ್ತು ಶಾಲೆಯಲ್ಲಿ ಮೀಟಿಂಗು ಎಂದು ಬಂದಿರಲಿಲ್ಲ.

"ಏನಯ್ಯಾ ಡಾಕ್ಟ್ರೇ, ರೋಗಿ ತಂದಿದೀನಿ ನೋಡು" ಎಂದು ಭಾವ ಕೀಬೋರ್ಡನ್ನು ಸೋಫಾದ ಮೇಲೆ ಎಸೆದರು. ಹೌದು, ಎಸೆದರು. "ಇಸ್ಪೀಟ್ ಆಡೋಕೆ ಕೂತ್ರೆ ಎಲೆ ತಿರುಗೋಷ್ಟರಲ್ಲಿ ನಿದ್ದೆ ಬರುತ್ತೆ. ನಿಮ್ಮಕ್ಕ ಏನೇನೋ ತುಂಬಿಟ್ಟಿದಾಳೆ. ಎಲ್ಲಾ ಒರೆಸಿ ಬಿಸಾಕು."

"ಅಕ್ಕನದು ಇಟ್ಕೋಬೇಕಾದ್ದು ಏನಾದ್ರೂ ಇರಬಹುದು, ಭಾವ."

"ಅವಳದೇನಿರುತ್ತೆ? ಮಕ್ಕಳ ಪ್ರಶ್ನೆಪತ್ರಿಕೆ." ಭಾವ ಅವನ ಮೇಜಿನ ಮೇಲಿದ್ದ ಒಂದು ವಿಸಿಟಿಂಗ್ ಕಾರ್ಡು ಎತ್ತಿಕೊಂಡು ಅದರ ಮೂಲೆಯಿಂದ ಹಲ್ಲು ಕೆದಕಿ, ಕಾರ್ಡನ್ನು ಇದ್ದಲ್ಲಿಗೇ ಇಟ್ಟರು. ಅವರು ಹೋದ ಮೇಲೆ ಬ್ರಷ್ಷಪ್ಪ ಆ ಕಾರ್ಡನ್ನು ಇಕ್ಕಳದಲ್ಲಿ ಹಿಡಿದು ಆಚೆ ಎಸೆದ.

ಭಾವನನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಆದರೆ ಅವನ ತಕರಾರೆಲ್ಲ ಇಷ್ಟಕ್ಕೇ ಸಂಬಂಧಿಸಿದ್ದು: ಹಲ್ಲು ಕೆದಕುವುದು, ಎಣ್ಣೆ ಕೈ, ಕೀಬೋರ್ಡಿನ ಮೇಲೆ ತಟ್ಟೆ ಇಟ್ಟುಕೊಂಡು ಊಟ. ಕೊಳಕು ಮನುಷ್ಯ ಎನ್ನುತ್ತಿದ್ದ. ಆ ಮಾತಿಗೆ ಇನ್ನೊಂದು ಅರ್ಥವೂ ಇರಬಹುದೆಂದು ಅವನಿಗೆ ಹೊಳೆದಿರಲಿಲ್ಲ.

ಶನಿವಾರ ಬೆಳಗ್ಗೆ ಆ ಕೀಬೋರ್ಡನ್ನು ಬಾಲ್ಕನಿಯಲ್ಲಿ ಬಡಿದಾಗ ಉದುರಿದ್ದನ್ನು ನೋಡಿ ಅವನು ಎರಡು ಹೆಜ್ಜೆ ಹಿಂದೆ ಸರಿದ. ಉಗುರು. ಕತ್ತರಿಸಿದ ಉಗುರಿನ ಚೂರುಗಳು, ಹಳದಿ, ದಪ್ಪ, ಒಂದಲ್ಲ ಎರಡಲ್ಲ, ಒಂದು ಚಮಚದಷ್ಟು. ಕೈಗವಸಿನ ಮೇಲೆ ಇನ್ನೊಂದು ಕೈಗವಸು ಹಾಕಿಕೊಂಡ. ಆಮೇಲೆ ಯಂತ್ರವನ್ನೂ ಅದೇ ಸಿಟ್ಟಿನಲ್ಲಿ ತೊಳೆದ. ಬುಟ್ಟಿ ಖಾಲಿ. ಅಕ್ಕನ ಪ್ರಶ್ನೆಪತ್ರಿಕೆಗಳು, ಫೋಟೋಗಳು ಬೇರೆ ಕಡೆ ನಕಲು. ಒಂದು ಸಲ ಸೊನ್ನೆ, ಎರಡು ಸಲ ಸೊನ್ನೆ, ಮೂರು ಸಲ. ಕೊನೆಗೆ ಬೇಕಾದ ಸಾಫ್ಟ್‌ವೇರನ್ನೆಲ್ಲ ಹೊಸದಾಗಿ ಹಾಕಿದ. ಅಷ್ಟರಲ್ಲಿ ಸಂಜೆ ಐದು. ನಡುವೆ ಅಕ್ಕ ಮೂರು ಸಲ ಫೋನ್ ಮಾಡಿದ್ದಳು. ಕೈಗವಸು ಹಾಕಿಕೊಂಡಾಗ ಅವನು ಫೋನು ಮುಟ್ಟುವುದಿಲ್ಲ. ತೆಗೆದ ಮೇಲೆ ನೋಡಿ, ನಾಳೆ ಹೇಗೂ ಕರೆದು ಕೊಟ್ಟರಾಯಿತು ಎಂದುಕೊಂಡು ಸ್ನಾನಕ್ಕೆ ಹೋದ.

ಭಾನುವಾರ ಹತ್ತು ಗಂಟೆಗೆ ಅಕ್ಕ ತಾನೇ ಬಂದಳು. ಮೂರು ಮಹಡಿ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದ್ದಳು ಅಂತ ಕಾಣುತ್ತದೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಸೆಖೆಯ ದಿನ, ಅವಳು ಮುಂಗೈ ಮುಚ್ಚುವ ತೋಳಿನ ರವಿಕೆ ತೊಟ್ಟಿದ್ದಳು. ಅದನ್ನು ಅವನು ಗಮನಿಸಿದ್ದು ಆಮೇಲೆ.

"ಎಲ್ಲಿದೆ ಅದು?"

"ಬಾ ಬಾ. ನೋಡಿದ್ರೆ ನಿನ್ನದೇ ಅಂತ ಗುರುತು ಸಿಗಲ್ಲ, ಹಾಗೆ ಮಾಡಿದೀನಿ" ಎಂದು ಅವನು ಹೆಮ್ಮೆಯಿಂದ ಒಳಗೆ ಕರೆದುಕೊಂಡು ಹೋಗಿ ಆನ್ ಮಾಡಿ ತೋರಿಸಿದ. ಯಂತ್ರ ಅರ್ಧ ನಿಮಿಷದಲ್ಲಿ ಎದ್ದಿತು. ಪರದೆಯ ಮೇಲೆ ಒಂದು ಚುಕ್ಕೆ ಕಸ ಇಲ್ಲ. ಅಕ್ಕ ಕುರ್ಚಿಯ ತುದಿಯಲ್ಲಿ ಕೂತು, ಮೌಸು ಹಿಡಿದು, ಬೇರೆ ಯಾವುದನ್ನೂ ನೋಡದೆ ನೇರ ಮೂಲೆಯ ಬುಟ್ಟಿಯ ಮೇಲೆ ಎರಡು ಸಲ ಒತ್ತಿದಳು. ಖಾಲಿ ಬಿಳಿ ಹಾಳೆಯಂಥ ಒಂದು ಕಿಟಕಿ ತೆರೆಯಿತು. ಅದನ್ನು ಮುಚ್ಚಿ ಮತ್ತೆ ತೆರೆದಳು.

"ಇದರಲ್ಲಿದ್ದಿದ್ದು?"

"ಕಸ ಅಲ್ವಾ ಅಕ್ಕಾ. ಅದೇ ಮೊದಲು ತೆಗೆಯೋದು."

ಅಕ್ಕ ಅಳಲಿಲ್ಲ. ಕೂತಲ್ಲೇ ಸಣ್ಣವಳಾದಳು, ಅಷ್ಟೇ. ಆಮೇಲೆ, ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವ ದನಿಯಲ್ಲಿ ಹೇಳಿದಳು. ಮೂರು ವರ್ಷದಿಂದ ಅವಳು ಗಂಡನ ಮನೆಯಲ್ಲಿ ನಡೆದದ್ದನ್ನು ಬರೆದಿಡುತ್ತಿದ್ದಳು, ತಾರೀಖು ಹಾಕಿ. ಬಾವು ಬಂದ ಕಡೆಯ ಫೋಟೋ, ಅವರು ಆಡಿದ ಮಾತಿನ ರೆಕಾರ್ಡು. ಒಬ್ಬ ವಕೀಲೆಯನ್ನು ಕಂಡಿದ್ದಳು. ಬಿಟ್ಟು ಬರಲು ದಾರಿ ಇದೆ, ಆದರೆ ಎಲ್ಲ ತಾರೀಖಿನ ಪ್ರಕಾರ ಬೇಕು, ಬುಧವಾರ ಹನ್ನೊಂದಕ್ಕೆ ತನ್ನಿ ಎಂದು ವಕೀಲೆ ಹೇಳಿದ್ದಳು. ಬುಧವಾರಕ್ಕೆ ಇನ್ನು ಮೂರು ದಿನ.

"ಬುಟ್ಟಿಯಲ್ಲಿ ಯಾಕಿಟ್ಟೆ?" ಎಂದ ಅವನು.

"ಫೋನು ದಿನಾ ನೋಡ್ತಾರೆ. ನನ್ನ ಬ್ಯಾಗು, ಬೀರು, ಶಾಲೆ ಪುಸ್ತಕ, ಎಲ್ಲಾ. ಕಂಪ್ಯೂಟರಲ್ಲೂ ಹುಡುಕ್ತಾರೆ. ಕಸದ ಬುಟ್ಟಿಗೆ ಮಾತ್ರ ಕೈ ಹಾಕಲ್ಲ. ಮನೇಲೂ ಅಷ್ಟೇ, ಅದು ನನ್ನ ಕೆಲಸ ಅಂತ." ಅವಳು ಮೌಸನ್ನು ಮೆಲ್ಲಗೆ ಕೆಳಗಿಟ್ಟಳು. "ನಿನ್ನ ಚಾಳಿ ನಂಗೊತ್ತಿಲ್ವಾ. ನೀನು ಬರ್ತೀಯ ಅಂದಾಗೆಲ್ಲ ಹಿಂದಿನ ದಿನವೇ ಅಲ್ಲಿಂದ ಎತ್ತಿ ಬೇರೆ ಕಡೆ ಬಚ್ಚಿಡ್ತಿದ್ದೆ. ಈ ಸಲ ಹೇಳದೇ ಹೊತ್ಕೊಂಡು ಬಂದ್ರು."

"ನನಗೆ ಯಾಕೆ ಹೇಳಲಿಲ್ಲ ಅಕ್ಕಾ?"

"ನಿಂಗೆ ಕೊಳಕು ಕಂಡ್ರೆ ಆಗಲ್ಲ" ಅಂದಳು ಅಕ್ಕ. "ಇದಕ್ಕಿಂತ ಕೊಳಕು ಏನಿದೆ?"

ಹಳೆಯದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರು ಅವನ ಬಳಿ ಇತ್ತು. ಅಳಿಸಿದ ಮದುವೆ ಫೋಟೋ, ಅಳಿಸಿದ ಪ್ರಬಂಧ, ಎಷ್ಟೋ ಜನರಿಗೆ ಎಷ್ಟೋ ಹುಡುಕಿಕೊಟ್ಟು ಭೇಷ್ ಅನ್ನಿಸಿಕೊಂಡಿದ್ದ. ಬುಟ್ಟಿ ಖಾಲಿ ಮಾಡಿ ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಸಿಗುತ್ತಿತ್ತು. ಒಂದು ಸಾಮಾನ್ಯ ಸೋಮಾರಿ ರಿಪೇರಿಯವನ ಕೈಗೆ ಕೊಟ್ಟಿದ್ದರೂ ಸಿಗುತ್ತಿತ್ತು. ಏನೂ ಸಿಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ಅವನು ಅದನ್ನು ಓಡಿಸಿದ, ಅಕ್ಕ ನೋಡುತ್ತಿದ್ದಾಳಲ್ಲ ಎಂದು. ಎರಡು ಗಂಟೆ ಅಕ್ಕ ತಮ್ಮ ಇಬ್ಬರೂ ಪರದೆಯ ಮೇಲೆ ಹಸಿರು ಪಟ್ಟಿ ಬೆಳೆಯುವುದನ್ನು ನೋಡುತ್ತ ಕೂತರು. ಪಟ್ಟಿ ತುಂಬಿತು. ಸಿಕ್ಕ ಫೈಲುಗಳು: ಸೊನ್ನೆ. ಅವನಿಗೆ ತನ್ನ ಕೈಗಳ ಮೇಲೇ ಹೇಸಿಗೆಯಾಯಿತು. ಹೋಗಿ ತೊಳೆದುಕೊಂಡು ಬರೋಣ ಎಂದು ಎದ್ದವನು, ಇನ್ನೂ ತೊಳೆಯುವುದೇನಿದೆ ಎನಿಸಿ ಕೂತ.

ಎರಡೂವರೆಗೆ ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಕೋಣೆಯ ಬಾಗಿಲಲ್ಲಿ ನಿಂತು ಇಬ್ಬರ ಮುಖ ನೋಡಿದಳು, ಅವನು ಹೇಳಿದ್ದನ್ನು ಪೂರ್ತಿ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಎಷ್ಟು ಹೊತ್ತಿಗೆ ವಾಪಸ್ ಹೋಗಬೇಕು ಅಕ್ಕ?"

"ಆರರೊಳಗೆ. ಇದನ್ನ ತಗೊಂಡು ಬರ್ತೀನಿ ಅಂತ ಬಂದಿದೀನಿ."

"ಮೂರು ಗಂಟೆ ಇದೆ. ಡಿಸ್ಕಲ್ಲಿದ್ದಿದ್ದು ಹೋಯ್ತು, ನಿಮ್ಮ ತಲೆಯಲ್ಲಿರೋದನ್ನ ಯಾರೂ ಒರೆಸಿಲ್ಲ. ನೀವು ಹೇಳಿ, ಇವರು ಟೈಪ್ ಮಾಡ್ತಾರೆ. ಅದಕ್ಕೆ ಮುಂಚೆ ಆ ತೋಳು ಕೊಡಿ ಇಲ್ಲಿ." ಅವಳು ಅಕ್ಕನ ತೋಳನ್ನು ಮೊಣಕೈ ಮೇಲಕ್ಕೆ ಸುತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿದಳು. ನಾಲ್ಕು ಬೆರಳಿನ ಗುರುತು, ಅಂಚಿನಲ್ಲಿ ಹಸಿರು, ನಡುವೆ ನೇರಳೆ. ನರ್ಸು ಅದನ್ನು ಮೂರು ಕಡೆಯಿಂದ ಫೋಟೋ ತೆಗೆದು, ಪಕ್ಕದಲ್ಲಿ ಸ್ಕೇಲ್ ಹಿಡಿದು ಇನ್ನೊಂದು ತೆಗೆದು, "ಐದಾರು ದಿನ ಆಗಿರಬೇಕು" ಅಂದಳು. ಅಕ್ಕ ತಲೆಯಾಡಿಸಿದಳು. ಬ್ರಷ್ಷಪ್ಪ ಬೇರೆ ಕಡೆ ನೋಡುತ್ತಿದ್ದ. "ಈ ಕಡೆ ನೋಡಿ" ಎಂದು ಹೆಂಡತಿ ಅವನಿಗೆ ಹೇಳಿದಳು. ನೋಡಿದ.

ಕಪ್ಪು ಪರದೆ ತೆರೆದ. ಅಕ್ಕ ಮೊದಮೊದಲು ತಡವರಿಸಿದಳು, ಸೆರಗಿನ ಅಂಚು ಸುತ್ತಿದಳು, ಬಿಚ್ಚಿದಳು. ಆಮೇಲೆ ಮಾತು ಹರಿಯಿತು, ಅವನ ಬೆರಳುಗಳಿಗೆ ಬಿಡುವು ಕೊಡದಂತೆ.

"ಅವರು ಉಗುರು ತೆಗೀವಾಗ ನಾನು ಅಂಗೈ ಹಿಡ್ಕೊಂಡು ಪಕ್ಕದಲ್ಲಿ ನಿಂತಿರಬೇಕು. ಅದರಲ್ಲಿ ಬೀಳಿಸ್ತಾರೆ. ಕೈ ಅಲುಗಿ ಕೆಳಗೆ ಬಿದ್ರೆ ಮಂಡಿ ಊರಿ ಆರಿಸಬೇಕು. ಕೀಬೋರ್ಡ್ ಮೇಲೆ ಬಿದ್ದಿದ್ದು ನಂಗೆ ಸಿಗ್ತಿರಲಿಲ್ಲ."

ಅವನು ಟೈಪ್ ಮಾಡಿದ. ಬಚ್ಚಲಿಗೆ ಚಿಲಕ ಹಾಕಿ ನಿಲ್ಲಿಸಿದ್ದು, ಶಾಲೆಗೆ ಫೋನ್ ಮಾಡಿ ತಲೆ ಸರಿಯಿಲ್ಲದವಳು ಎಂದದ್ದು, ಚಹಾ ತಣ್ಣಗಿದೆ ಎಂದು ಅದಕ್ಕೆ ಉಗುಳಿ ಕುಡಿ ಎಂದದ್ದು. ಅಕ್ಕ ಇದನ್ನೆಲ್ಲ ದನಿ ಏರಿಸದೆ ಹೇಳುತ್ತಿದ್ದಳು. ಇಷ್ಟು ವರ್ಷ ತಾನು ಅಸಹ್ಯ ಅಸಹ್ಯ ಎಂದು ಬಾಯಿ ಬಡಿದುಕೊಂಡದ್ದು ಬಿಸ್ಕತ್ತಿನ ಪುಡಿಗೆ ಎಂದು ಅವನಿಗೆ ನಾಚಿಕೆಯಾಯಿತು.

ತೊಡಕು ಬಂದದ್ದು ತಾರೀಖಿನಲ್ಲಿ. ಘಟನೆ ಅಕ್ಷರಶಃ ನೆನಪಿತ್ತು, ದಿನ ಯಾವುದೆಂದು ಅಕ್ಕನಿಗೆ ನೆನಪಿರಲಿಲ್ಲ. ಅದನ್ನು ಬರೆದಿಟ್ಟು ಮರೆತಿದ್ದಳು. "ನೀನು ಮೌಸ್ ಬದಲಾಯಿಸಿ ಹೋದೆಯಲ್ಲ, ಅದರ ಮಾರನೇ ದಿನ" ಎಂದಳು ಒಂದು ಕಡೆ. ಅವನಿಗೆ ತಟ್ಟನೆ ಹೊಳೆಯಿತು. ಕೈ ಹಾಕಿದ ಪ್ರತಿ ಯಂತ್ರದ ವಿವರವನ್ನೂ ಅವನು ಒಂದು ಫೈಲಿನಲ್ಲಿ ಬರೆದಿಡುತ್ತಿದ್ದ: ಯಾರದು, ಯಾವ ದಿನ, ಏನು ಬದಲಾಯಿಸಿದ್ದು. ತೆರೆದು ಅಕ್ಕನ ಮನೆ ಎಂದು ಹುಡುಕಿದ. ಹತ್ತೊಂಬತ್ತು ಸಾಲು ಸಿಕ್ಕವು. ಅವುಗಳ ಹಿಂದು ಮುಂದು ಎಣಿಸುತ್ತ ಒಂದೊಂದೇ ಘಟನೆಗೆ ದಿನ ಕೂಡಿಸಿದರು. ಹೆಂಡತಿ ಶಾಲೆಯ ರಜೆಯ ಪಟ್ಟಿ ಇಟ್ಟುಕೊಂಡು ತಾಳೆ ನೋಡಿದಳು. ನಾಲ್ಕೂವರೆ ಹೊತ್ತಿಗೆ ಏಳು ಪುಟ ಆಗಿತ್ತು, ಅವನಿಗೆ ಸ್ವಲ್ಪ ಉಸಿರು ಬಂದಿತ್ತು. ಆಗುತ್ತದೆ, ಬುಧವಾರಕ್ಕೆ ಆಗುತ್ತದೆ.

"ತಟ್ಟೆ ಎಸೆದಿದ್ದು ಬರ್ಕೋ" ಅಂದಳು ಅಕ್ಕ. "ಊಟ ಸರಿಯಿಲ್ಲ ಅಂತ ತಟ್ಟೆ ಗೋಡೆಗೆ ಎಸೆದ್ರು. ನೆಲದ ಮೇಲೆ ಬಿದ್ದಿದ್ದನ್ನ ಬಾಯಲ್ಲಿ ಎತ್ತು ಅಂದ್ರು. ಕೈ ಹಿಂದೆ ಕಟ್ಕೊಂಡು. ಎತ್ತಿದೆ."

"ಯಾವತ್ತು?"

ಅಕ್ಕ ಅವನ ಹೆಂಡತಿಯ ಕಡೆ ನೋಡಿದಳು, ಕಿಟಕಿಯ ಕಡೆ ನೋಡಿದಳು. "ಬೇಡ ಬಿಡು. ಅದಕ್ಕೆ ತಾರೀಖು ಹಾಕ್ಬೇಡ."

"ಹಾಕ್ಲೇಬೇಕು ಅಕ್ಕಾ. ವಕೀಲೆ ಕೇಳ್ತಾರೆ."

"ನೀನು ಕಂಪ್ಯೂಟರಿಗೆ ಫ್ಯಾನ್ ಹಾಕೋಕೆ ಬಂದ ದಿನ" ಅಂದಳು.

ಫೈಲಿನಲ್ಲಿ ಆ ಸಾಲು ಇತ್ತು. ಹೋದ ವರ್ಷದ ಒಂದು ಭಾನುವಾರ. ಅಕ್ಕನ ಮನೆ, ಹೊಸ ಫ್ಯಾನು, ಕೆಲಸ ಸುಸೂತ್ರ, ಯಾವ ತೊಂದರೆಯೂ ಇಲ್ಲ. ಅವನು ಬರೆದ ಅಕ್ಷರಗಳೇ. ಅವನಿಗೆ ಆ ಮಧ್ಯಾಹ್ನ ಚೆನ್ನಾಗಿ ನೆನಪಿತ್ತು. ಪಕ್ಕದ ಕೋಣೆಯಲ್ಲಿ ಸ್ಟೀಲಿನ ತಟ್ಟೆ ಬಿದ್ದ ಸದ್ದಾಗಿತ್ತು. ಆಮೇಲೆ ಭಾವನ ದನಿ, ಏರಿದ್ದಲ್ಲ, ತಗ್ಗಿದ್ದು. ಚೆಲ್ಲಿದ ಊಟದ ಜಿಡ್ಡು ವಾಸನೆ ಬಂದು ಅವನಿಗೆ ಮೈ ಜುಮ್ಮೆಂದಿತ್ತು. ಹೊಸ ಫ್ಯಾನು ಕವರಿನಿಂದ ಹೊರಗಿತ್ತು, ಅದಕ್ಕೆ ಎಲ್ಲಿ ಸಿಡಿದೀತೋ ಎಂದು ಬಾಗಿಲು ಹಾಕಲು ಎದ್ದು ಹೋಗಿದ್ದ. ಬಾಗಿಲ ಸಂದಿಯಲ್ಲಿ ಅಕ್ಕ ಮಂಡಿ ಊರಿಕೊಂಡು ನೆಲಕ್ಕೆ ಬಗ್ಗಿರುವುದು ಕಂಡಿತ್ತು. ನೆಲ ಒರೆಸುತ್ತಿದ್ದಾಳೆ ಎಂದುಕೊಂಡಿದ್ದ. ಕೈಗಳು ಬೆನ್ನ ಹಿಂದಿದ್ದವು. ಕೈ ಬೆನ್ನ ಹಿಂದಿಟ್ಟುಕೊಂಡು ಯಾರೂ ನೆಲ ಒರೆಸುವುದಿಲ್ಲ ಎಂದು ತಿಳಿಯಲು ನಕ್ಷೆ ಬರೆಯುವವನ ಕಣ್ಣೇ ಬೇಕಿರಲಿಲ್ಲ. ಆದರೆ ಒರೆಸುತ್ತಿದ್ದಾಳೆ ಎಂದುಕೊಳ್ಳುವುದು ಸುಲಭವಾಗಿತ್ತು. ಅವನು ಬಾಗಿಲು ಹಾಕಿಕೊಂಡಿದ್ದ.

"ನೀನು ನನ್ನ ನೋಡಿದೆ" ಎಂದು ಅಕ್ಕ ಹೇಳಲಿಲ್ಲ. ಅವಳು ಹೇಳಿದ್ದು ಬೇರೆ: "ಯಾರಾದ್ರೂ ನೋಡಿದ್ರಾ ಅಂತ ವಕೀಲೆ ಕೇಳಿದ್ರು. ಯಾರೂ ಇಲ್ಲ ಅಂದಿದೀನಿ. ಹಾಗೇ ಬರಿ."

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರು ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು. ಬ್ರಷ್ಷಪ್ಪ ಮೊದಲು ತಾರೀಖು ಹಾಕಿದ. ತಟ್ಟೆಯದು ಬರೆದ, ನೆಲದ್ದು ಬರೆದ. ಆಮೇಲೆ ಒಂದೊಂದೇ ಕೀಲಿ ಒತ್ತುತ್ತ ಬರೆದ: ಆಗ ನನ್ನ ತಮ್ಮ ಪಕ್ಕದ ಕೋಣೆಯಲ್ಲಿದ್ದ. ಸದ್ದು ಕೇಳಿ ಎದ್ದು ಬಂದ. ನನ್ನನ್ನು ನೋಡಿದ. ನೋಡಿ ಬಾಗಿಲು ಹಾಕಿಕೊಂಡ.

ಅಕ್ಕ ಪರದೆ ಓದಿದಳು. "ಅದನ್ನ ಅಳಿಸು" ಅಂದಳು. "ನಾಳೆ ಕೋರ್ಟಲ್ಲಿ ಎಲ್ಲರ ಮುಂದೆ ಓದ್ತಾರೆ ಕಣೋ. ನಿನ್ನ ಕರೆಸ್ತಾರೆ."

"ಕರೆಸ್ಲಿ" ಅಂದ ಅವನು. "ಮುಂದೆ ಹೇಳು ಅಕ್ಕಾ. ಇನ್ನೂ ಒಂದು ಗಂಟೆ ಇದೆ."